ದೊಡ್ಡಗುಂಟದಿಂದ ಕಕ್ಷೆಯವರೆಗೆ: ಎರಡು ಶತಮಾನಗಳ ಅಳತೆಯ ಕಥೆ

ಸೂಲೂರಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಬೆಂಗಳೂರನ್ನು ನೆನಪಿಸುವ ಸಂಗತಿಗಳಲ್ಲಿ ಒಂದು ನೆಲದ ಮೇಲಿಲ್ಲ, ಆಕಾಶದಲ್ಲಿದೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ತೇಜಸ್ ಯುದ್ಧವಿಮಾನಗಳ ಮೊದಲ ದಳ 2016ರ ಜುಲೈ 1ರಂದು ಬೆಂಗಳೂರಿನಲ್ಲಿ ರೂಪುಗೊಂಡು, 2018ರಲ್ಲಿ ಸೂಲೂರಿನ ವಾಯುನೆಲೆಗೆ ಬಂದಿತು. 2020ರ ಮೇ 27ರಂದು ಇದೇ ನೆಲೆಯಲ್ಲಿ ತೇಜಸ್ ವಿಮಾನಗಳ ಎರಡನೆಯ ದಳವೂ ಕಾರ್ಯಾರಂಭ ಮಾಡಿತು. ತಲೆಯ ಮೇಲೆ ಗುಡುಗಿ ಹೋಗುವ ವಿಮಾನವನ್ನು ನೋಡಿ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಒಂದು, ಅದಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ ಎಂಬುದು. ಉಪಗ್ರಹಗಳು ದಾರಿ ತೋರಿಸುತ್ತವೆ ಎಂದು ಹಿರಿಯರು ಉತ್ತರ ಕೊಡುತ್ತಾರೆ. ತಿರುಚ್ಚಿ ರಸ್ತೆಯಲ್ಲಿ ಕಾರು ಓಡಿಸುವಾಗ ಮೊಬೈಲಿನ ನಕ್ಷೆಯನ್ನು ನಂಬುವ ನಮಗೆಲ್ಲ ಆ ಉತ್ತರ ಈಗ ಸಹಜವಾಗಿದೆ.

ಆದರೆ ಈ ಉತ್ತರದ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ದಾರಿ ತೋರಿಸುವವನಿಗೆ ಮೊದಲು ತಾನು ನಿಂತ ಜಾಗ ಗೊತ್ತಿರಬೇಕಲ್ಲವೆ? ಕ್ಷಣಕ್ಕೆ ಹಲವು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ಉಪಗ್ರಹ ಈ ಗಳಿಗೆಯಲ್ಲಿ ಎಲ್ಲಿದೆ ಎಂಬುದನ್ನು ಕೆಲವೇ ಸೆಂಟಿಮೀಟರುಗಳ ತಪ್ಪಿನೊಳಗೆ ಹೇಳುವುದು ಹೇಗೆ? ವಿಜ್ಞಾನಿಗಳು ಇದನ್ನು ನಿಖರ ಕಕ್ಷಾ ನಿರ್ಣಯ ಎಂದು ಕರೆಯುತ್ತಾರೆ. ಕೇಳುವುದಕ್ಕೆ ಇದು ತೀರ ಇತ್ತೀಚಿನ ವಿದ್ಯೆಯಂತೆ ತೋರಿದರೂ ಅದರ ಬೇರುಗಳು ಎರಡು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತವೆ. ಆ ಬೇರುಗಳ ಒಂದು ಎಳೆ ಬೆಂಗಳೂರನ್ನೂ ನಾವಿರುವ ಈ ಕೊಯಮತ್ತೂರು ಸೀಮೆಯನ್ನೂ ಜೋಡಿಸುತ್ತದೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದ ಸಂಗತಿ. ಆ ಎಳೆಯನ್ನು ಹಿಡಿದು ನಡೆಯುವುದೇ ಈ ಲೇಖನದ ಉದ್ದೇಶ.

ಸರಪಳಿ ಹಿಡಿದು ಬಂದವರು

1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಟಿಪ್ಪು ಸುಲ್ತಾನನ ಮರಣಾನಂತರ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಹೊಸದಾಗಿ ಕೈವಶವಾದ ನೆಲವನ್ನು ಅಳೆಯುವ ಆತುರ ಕಂಪನಿಗಿತ್ತು. ಕಂದಾಯಕ್ಕೂ ಸೈನ್ಯದ ಸಂಚಾರಕ್ಕೂ ನಕ್ಷೆ ಬೇಕಾಗಿತ್ತು. ಶ್ರೀರಂಗಪಟ್ಟಣದ ಯುದ್ಧದಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಗೆ ಅದಕ್ಕಿಂತ ದೊಡ್ಡದೊಂದು ಬಯಕೆಯಿತ್ತು. ಪರ್ಯಾಯದ್ವೀಪವನ್ನು ತ್ರಿಕೋನಗಳ ಜಾಲದಿಂದ ಅಳೆಯುತ್ತಲೇ ಭೂಮಿಯ ನಿಜವಾದ ಆಕಾರವನ್ನು ಕಂಡುಕೊಳ್ಳಬೇಕೆಂಬುದು ಅವನ ಹಂಬಲ. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯನ್ನು ಅವನು ಅಳೆದನು. ಅವನ ಬಳಿ ಇದ್ದ ಉಕ್ಕಿನ ಸರಪಳಿ ನೂರು ಅಡಿ ಉದ್ದದ್ದು. ಎರಡೂವರೆ ಅಡಿಯ ನಲವತ್ತು ಸರಳುಗಳನ್ನು ಜೋಡಿಸಿ ಮಾಡಿದ್ದು.

ಈ ವಿಧಾನದ ತತ್ತ್ವ ಸರಳವಾದದ್ದು. ತ್ರಿಕೋನದ ಒಂದು ಬಾಹುವಿನ ಉದ್ದವೂ ಎರಡು ಕೋನಗಳೂ ತಿಳಿದರೆ ಉಳಿದ ಬಾಹುಗಳನ್ನು ಲೆಕ್ಕದಿಂದ ಪಡೆಯಬಹುದು. ಹಾಗೆ ಪಡೆದ ಬಾಹುವನ್ನೇ ಆಧಾರವಾಗಿಟ್ಟುಕೊಂಡು ಮುಂದಿನ ಬೆಟ್ಟದತ್ತ ಇನ್ನೊಂದು ತ್ರಿಕೋನವನ್ನು ಕಟ್ಟಬಹುದು. ತಿಳಿದ ಸ್ಥಾನದಿಂದ ತಿಳಿಯದ ಸ್ಥಾನಕ್ಕೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುವುದು. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದು ಆಧಾರರೇಖೆಯ ಅಳತೆ ಆರಂಭವಾಯಿತು. ಮುಂದೆ ಇಡೀ ಭಾರತವನ್ನು ವ್ಯಾಪಿಸಿದ ತ್ರಿಕೋನಮಿತಿ ಮಹಾ ಸರ್ವೇಕ್ಷಣೆಯ ಹುಟ್ಟುದಿನವೆಂದು ಇದನ್ನೇ ಎಣಿಸುತ್ತಾರೆ. ಅಲ್ಲಿಂದ ತ್ರಿಕೋನಗಳನ್ನು ಕಟ್ಟುತ್ತ ಬೆಂಗಳೂರು ತಲುಪಿದ ಮೇಲೆ, 1804ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಅಲ್ಲಿ ಹೊಸ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದನು. ಕೋಲಾರ ಸೀಮೆಯ ಚಿನ್ನದ ಸುದ್ದಿಯನ್ನು ಹೊರಜಗತ್ತಿಗೆ ತಿಳಿಸಿದವನೆಂದು ಕನ್ನಡಿಗರು ಬಲ್ಲ ವಾರೆನ್ ಇವನೇ. ಮದರಾಸಿನಿಂದ ಲೆಕ್ಕಹಾಕಿ ಬಂದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ಕಂಡುಬಂದ ವ್ಯತ್ಯಾಸ ಏಳು ಮೈಲಿಗೆ 3.7 ಅಂಗುಲ ಮಾತ್ರ!

ಬಳಿಕ ಲ್ಯಾಂಬ್ಟನ್ ಬೆಂಗಳೂರಿನಿಂದ ದಕ್ಷಿಣಕ್ಕೆ ಹೊರಟನು. ಬೆಂಗಳೂರಿನ ದೊಡ್ಡಗುಂಟದಲ್ಲಿ ನಕ್ಷತ್ರಗಳನ್ನು ವೀಕ್ಷಿಸಿ ಅವನು ಕಂಡುಕೊಂಡ ಅಕ್ಷಾಂಶ ಹೆಚ್ಚು ಕಡಿಮೆ ಸರಿಯಾಗಿ 13 ಡಿಗ್ರಿ. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ, 1806ರಲ್ಲಿ ಅಂದಿನ ಕೊಯಮತ್ತೂರು ಜಿಲ್ಲೆಗೆ ಬಂದು, ದಾಖಲೆಗಳಲ್ಲಿ ಪುಚ್ಚಪಾಳಯಂ ಎಂದು ಕಾಣುವ ಸ್ಥಳದಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದನು. ಅದರ ಅಕ್ಷಾಂಶ 11 ಡಿಗ್ರಿಗೆ ಕೂದಲೆಳೆಯಷ್ಟು ಕಡಿಮೆ. ನಮ್ಮ ಸೂಲೂರಿನ ಅಕ್ಷಾಂಶವೂ 11 ಡಿಗ್ರಿಯ ಆಸುಪಾಸಿನದೇ. ಹೀಗೆ ಬೆಂಗಳೂರಿಗೂ ಈ ಸೀಮೆಗೂ ನಡುವಿನ ಎರಡು ಡಿಗ್ರಿಗಳ, ಅಂದರೆ ಸುಮಾರು 220 ಕಿಲೋಮೀಟರಿನ ಚಾಪವು ಆಧುನಿಕ ಭೂಮಾಪನದ ಮೊದಮೊದಲ ಅಳತೆಗೋಲುಗಳಲ್ಲಿ ಒಂದಾಯಿತು.

ಈ ಸಾಹಸದ ಕಥೆಯಲ್ಲಿ ಅಧಿಕಾರಿಗಳ ಹೆಸರುಗಳು ಉಳಿದಿವೆ. ಸರಪಳಿ ಎಳೆದವರು, ಬಿಸಿಲಿಗೆ ಉಕ್ಕು ಹಿಗ್ಗದಂತೆ ಅದರ ಮೇಲೆ ಡೇರೆಯ ನೆರಳು ಹಿಡಿದವರು, ಸುಮಾರು ಅರ್ಧ ಟನ್ ತೂಕದ ಥಿಯೋಡೊಲೈಟ್ ಉಪಕರಣವನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದವರು, ದೂರದ ಶಿಖರದಲ್ಲಿ ಬಾವುಟ ನೆಟ್ಟು ದಿನಗಟ್ಟಲೆ ಕಾದವರು ಈ ನೆಲದ ಜನ. ಅವರ ಹೆಸರುಗಳು ಎಲ್ಲಿಯೂ ದೊರೆಯುವುದಿಲ್ಲ. ಅಳತೆ ಅವರ ಬೆವರಿನಿಂದ ಆಯಿತು. ಆದರೆ ಅಳತೆಯ ಪುಸ್ತಕ ಅವರ ಕೈಯಲ್ಲಿರಲಿಲ್ಲ.

ಹೊಂದದೆ ಉಳಿದ ಶಿಲ್ಕು

ಲ್ಯಾಂಬ್ಟನ್ ಎರಡು ಬಗೆಯಲ್ಲಿ ದೂರವನ್ನು ಅಳೆಯುತ್ತಿದ್ದನು. ಒಂದು, ನೆಲದ ಮೇಲಿನ ತ್ರಿಕೋನಗಳಿಂದ. ಇನ್ನೊಂದು, ನಕ್ಷತ್ರಗಳ ವೀಕ್ಷಣೆಯಿಂದ ದೊರೆಯುವ ಅಕ್ಷಾಂಶದಿಂದ. ಎರಡನೆಯದಕ್ಕೆ ನೆತ್ತಿಯ ನೇರ ಯಾವುದೆಂದು ತಿಳಿಯಬೇಕು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಬಳಸುವ ತೂಗುಗುಂಡೇ ಅದಕ್ಕೂ ಆಧಾರ. ಆದರೆ ದೊಡ್ಡಗುಂಟದ ದಕ್ಷಿಣದ ಚಾಪಕ್ಕೂ ಉತ್ತರದ ಚಾಪಕ್ಕೂ ಡಿಗ್ರಿಯ ಉದ್ದ ಒಂದಕ್ಕೊಂದು ಹೊಂದುವಂತೆ ಬರಲಿಲ್ಲ. ಉಪಕರಣದಲ್ಲಿ ದೋಷ ಕಾಣಲಿಲ್ಲ, ಲೆಕ್ಕದಲ್ಲಿಯೂ ತಪ್ಪಿರಲಿಲ್ಲ. ನೆಲದಡಿಯ ಕಲ್ಲಿನ ಸಾಂದ್ರತೆ ಎಲ್ಲೆಡೆ ಒಂದೇ ಸಮನಾಗಿಲ್ಲದ ಕಾರಣ ತೂಗುಗುಂಡೇ ಒಂದಿಷ್ಟು ಪಕ್ಕಕ್ಕೆ ಸೆಳೆಯಲ್ಪಟ್ಟಿರಬೇಕೆಂದು ಅವನು ಶಂಕಿಸಿದನು. ಕೋನದಲ್ಲಿ ಒಂದೇ ಒಂದು ಸೆಕೆಂಡಿನಷ್ಟು ಓರೆಯಾದರೂ ನೆಲದ ಮೇಲೆ ಅದು ಸುಮಾರು 30 ಮೀಟರಿನ ತಪ್ಪಾಗುತ್ತದೆ.

ಅಂಗಡಿಯ ಲೆಕ್ಕದಲ್ಲಿ ಜಮೆಗೂ ಖರ್ಚಿಗೂ ತಾಳೆ ಬೀಳದೆ ಕೊನೆಯಲ್ಲಿ ಉಳಿಯುವ ಅಲ್ಪ ಮೊತ್ತವನ್ನು ಕೆಲವರು ಹೇಗೋ ಸರಿಹೊಂದಿಸಿ ಪುಸ್ತಕ ಮುಚ್ಚಿಬಿಡುತ್ತಾರೆ. ಲ್ಯಾಂಬ್ಟನ್ ಹಾಗೆ ಮಾಡಲಿಲ್ಲ. ಹೊಂದದ ಶಿಲ್ಕನ್ನು ಹೊಂದದೆಂದೇ ಬರೆದಿಟ್ಟನು. ಅರ್ಧ ಶತಮಾನದ ನಂತರ ಉತ್ತರ ಭಾರತದ ಕಲಿಯಾನ ಮತ್ತು ಕಲಿಯಾನ್‌ಪುರಗಳ ನಡುವೆ ಇಂತಹುದೇ 5.2 ಸೆಕೆಂಡಿನ ವ್ಯತ್ಯಾಸ ಕಂಡಿತು. ಹಿಮಾಲಯದ ಸೆಳೆತವೇ ಕಾರಣವೆಂದು ಭಾವಿಸಿ ಪ್ರಾಟ್ ಎಂಬ ಪಾದ್ರಿ ಲೆಕ್ಕ ಮಾಡಿದಾಗ, ವ್ಯತ್ಯಾಸ ಹದಿನೈದು ಸೆಕೆಂಡಿಗೂ ಮೀರಿ ಬರಬೇಕಿತ್ತೆಂದು ತಿಳಿಯಿತು. ಬೆಟ್ಟಗಳ ಬುಡದಲ್ಲಿ ಹಗುರವಾದ ಕಲ್ಲು ಆಳದವರೆಗೆ ಇಳಿದಿದೆ, ಅವು ನೀರಿನ ಮೇಲಿನ ತೆಪ್ಪದಂತೆ ತೇಲುತ್ತಿವೆ ಎಂಬ ಮಹತ್ವದ ತಿಳಿವು ಈ ಶಿಲ್ಕಿನಿಂದಲೇ ಹುಟ್ಟಿತು.

ಇದೇ ಕಾಲದಲ್ಲಿ ಯುರೋಪಿನಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. 1801ರ ಜನವರಿ 1ರಂದು ಕಂಡ ಸಿರಿಸ್ ಎಂಬ ಕಿರುಗ್ರಹ ಕೆಲವು ವಾರಗಳ ನಂತರ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ದೊರೆತಿದ್ದ ಕೆಲವೇ ವೀಕ್ಷಣೆಗಳಿಂದ ಅದರ ಕಕ್ಷೆಯನ್ನು ಲೆಕ್ಕಹಾಕಿ, ಮತ್ತೆ ಎಲ್ಲಿ ಕಾಣುವುದೆಂದು ಗೌಸ್ ಎಂಬ ತರುಣ ಗಣಿತಜ್ಞ ಹೇಳಿದನು. ವರ್ಷದ ಕೊನೆಗೆ ಅದು ಅವನು ಹೇಳಿದ ಕಡೆಯೇ ಕಂಡಿತು. 1805ರಲ್ಲಿ ಲೆಜಾಂಡ್ರ್ ಎಂಬ ಫ್ರೆಂಚ್ ಗಣಿತಜ್ಞ ಧೂಮಕೇತುಗಳ ಕಕ್ಷೆಯನ್ನು ಕುರಿತು ಬರೆದ ಗ್ರಂಥದಲ್ಲಿ ಕನಿಷ್ಠ ವರ್ಗಗಳ ವಿಧಾನವನ್ನು ಪ್ರಕಟಿಸಿದನು. ಹಲವು ಅಳತೆಗಳಲ್ಲಿ ಒಂದೊಂದರಲ್ಲಿಯೂ ಸಣ್ಣ ತಪ್ಪಿದ್ದಾಗ, ಉಳಿಯುವ ಶಿಲ್ಕುಗಳ ವರ್ಗಗಳ ಮೊತ್ತವು ಎಲ್ಲಕ್ಕಿಂತ ಕಡಿಮೆಯಾಗುವಂತೆ ಉತ್ತರವನ್ನು ಆರಿಸುವುದು ಆ ವಿಧಾನ. ಇಂದು ಉಪಗ್ರಹಗಳ ಕಕ್ಷೆಯನ್ನು ಲೆಕ್ಕಹಾಕುವ ಗಣಕಯಂತ್ರಗಳು ಅನುಸರಿಸುವುದೂ ಮೂಲದಲ್ಲಿ ಇದೇ ವಿಧಾನವನ್ನು. ಲ್ಯಾಂಬ್ಟನ್ ಬೆಂಗಳೂರಿನಿಂದ ನಮ್ಮ ಸೀಮೆಯತ್ತ ಸಾಗುತ್ತಿದ್ದ ದಿನಗಳಲ್ಲೇ ಅದು ಅಚ್ಚಾಯಿತು ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ.

ಆಕಾಶಕ್ಕೆ ಏರಿದ ಬಾವುಟ

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಗೈಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ಯುವ ವಿಜ್ಞಾನಿಗಳು ಅದರ ರೇಡಿಯೋ ಸದ್ದನ್ನು ಆಲಿಸಿದರು. ರೈಲು ಹತ್ತಿರ ಬರುವಾಗ ಅದರ ಸಿಳ್ಳೆಯ ದನಿ ಏರಿಯೂ ದೂರ ಸರಿಯುವಾಗ ಇಳಿದೂ ಕೇಳುವಂತೆ, ಉಪಗ್ರಹದ ಸಂಕೇತದ ಕಂಪನವೂ ಏರಿಳಿಯುತ್ತಿತ್ತು. ಆ ಏರಿಳಿತವೊಂದರಿಂದಲೇ ಅವರು ಸ್ಪುಟ್ನಿಕ್ಕಿನ ಕಕ್ಷೆಯನ್ನು ಕಂಡುಹಿಡಿದರು. ಅವರ ಮೇಲಧಿಕಾರಿ ಮೆಕ್‌ಕ್ಲೂರ್ 1958ರಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳಿದನು: ನಮ್ಮ ಸ್ಥಾನ ತಿಳಿದಿದ್ದರೆ ಉಪಗ್ರಹದ ಕಕ್ಷೆ ದೊರೆಯುವುದಾದರೆ, ಕಕ್ಷೆ ತಿಳಿದಿದ್ದರೆ ನಮ್ಮ ಸ್ಥಾನ ದೊರೆಯಬೇಕಲ್ಲವೆ? ಉಪಗ್ರಹ ಪಥದರ್ಶನವು ಹುಟ್ಟಿದ್ದು ಈ ಪ್ರಶ್ನೆಯಿಂದ. ಲ್ಯಾಂಬ್ಟನ್ನನ ತ್ರಿಕೋನಗಳ ತತ್ತ್ವವೂ ಇದೇ ಆಗಿತ್ತು. ಬೆಟ್ಟದ ತುದಿಯ ಬಾವುಟ ಈಗ ಆಕಾಶಕ್ಕೆ ಏರಿತ್ತು, ಅಷ್ಟೆ.

ಕರ್ನಾಟಕ ಈ ಚರಿತ್ರೆಯೊಳಕ್ಕೆ ಮತ್ತೆ ಪ್ರವೇಶಿಸಿದ್ದು 1970ರ ದಶಕದಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ರೂಪುಗೊಂಡಿತು. 360 ಕಿಲೋ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಗಗನಕ್ಕೇರಿತು. ಶ್ರೀಹರಿಕೋಟಾ ಮತ್ತು ಮಾಸ್ಕೋ ಸಮೀಪದ ನೆಲೆಗಳು ಅದರ ಸಂಕೇತಗಳನ್ನು ಹಿಡಿಯುತ್ತಿದ್ದವು. ಅಂತಹ ಉಪಗ್ರಹ ಯಾವುದೇ ಒಂದು ನೆಲೆಯ ಮೇಲೆ ಹಾದುಹೋಗುವುದು ಒಂದು ಸಲಕ್ಕೆ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಅದು ಎಲ್ಲಿದೆ ಎಂಬುದಕ್ಕೆ ಲೆಕ್ಕವೊಂದೇ ಆಧಾರ. ಆ ಲೆಕ್ಕವನ್ನು ಕೆಡಿಸುವ ಶಕ್ತಿಗಳು ಹಲವು. ಸುಮಾರು 600 ಕಿಲೋಮೀಟರ್ ಎತ್ತರದಲ್ಲಿಯೂ ಇರುವ ಅತಿ ತೆಳುವಾದ ಗಾಳಿ ಉಪಗ್ರಹವನ್ನು ಒಂದೇ ಸಮನೆ ತಡೆಯುತ್ತದೆ. ಸುಮಾರು ಹದಿನೇಳು ವರ್ಷ ಈ ತಡೆಯನ್ನು ತಾಳಿಕೊಂಡ ಆರ್ಯಭಟ 1992ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋಯಿತು.

ಮೇಲಿನಿಂದ ಕೆಳಗಿನದಕ್ಕೆ ಗುರುತು

ಅದೇ 1992ರ ಆಗಸ್ಟ್ 10ರಂದು ಕಕ್ಷಾ ನಿರ್ಣಯದ ಚರಿತ್ರೆಯ ಒಂದು ತಿರುವು ಬಂದಿತು. ಅಮೆರಿಕ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಟೋಪೆಕ್ಸ್-ಪೊಸೈಡನ್ ಉಪಗ್ರಹದ ಕೆಲಸ, 1,336 ಕಿಲೋಮೀಟರ್ ಎತ್ತರದಿಂದ ರೇಡಾರ್ ಮೂಲಕ ಸಮುದ್ರದ ಮಟ್ಟವನ್ನು ಅಳೆಯುವುದು. ರೇಡಾರ್ ಹೇಳುವುದು ಉಪಗ್ರಹಕ್ಕೂ ನೀರಿಗೂ ಇರುವ ಅಂತರವನ್ನು ಮಾತ್ರ. ಉಪಗ್ರಹದ ಎತ್ತರದಲ್ಲಿ ಒಂದು ಗೇಣಿನ ತಪ್ಪಾದರೆ ಸಮುದ್ರವೂ ಒಂದು ಗೇಣು ಏರಿದಂತೆಯೋ ಇಳಿದಂತೆಯೋ ತೋರುತ್ತದೆ. ಅದರ ಕಕ್ಷೆಯನ್ನು ಮುಖ್ಯವಾಗಿ ಲೇಸರ್ ಕಿರಣಗಳಿಂದಲೂ ಫ್ರಾನ್ಸಿನ ರೇಡಿಯೋ ವ್ಯವಸ್ಥೆಯಿಂದಲೂ ಅಳೆಯುವುದೆಂದು ಯೋಜಿಸಿದ್ದರು. ಅದರ ಜೊತೆಗೆ, ಪ್ರಯೋಗವೆಂದು, ಒಂದು ಜಿಪಿಎಸ್ ಗ್ರಾಹಕವನ್ನೂ ಇರಿಸಿದರು.

ಜಿಪಿಎಸ್ ಎಂಬುದು ಅಮೆರಿಕದ ಸೇನೆ ಕಟ್ಟಿದ ವ್ಯವಸ್ಥೆ. ಅದರ ಮೊದಲ ಉಪಗ್ರಹ ಹಾರಿದ್ದು 1978ರ ಫೆಬ್ರವರಿ 22ರಂದು. 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿಯೊಂದು ಉಪಗ್ರಹವೂ ತನ್ನ ಪರಮಾಣು ಗಡಿಯಾರದ ಸಮಯವನ್ನು ಸಂಕೇತದಲ್ಲಿ ಬಿತ್ತರಿಸುತ್ತದೆ. ಸಂಕೇತ ಹೊರಟ ಕ್ಷಣಕ್ಕೂ ತಲುಪಿದ ಕ್ಷಣಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ಕೇಳುವವರ ಸ್ಥಾನವೂ ಅವರ ಗಡಿಯಾರದ ತಪ್ಪೂ ಗೊತ್ತಾಗುತ್ತವೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಕಾಲ ತಪ್ಪಿದರೂ ದೂರದಲ್ಲಿ 30 ಸೆಂಟಿಮೀಟರ್ ತಪ್ಪುತ್ತದೆ. ಐನ್‌ಸ್ಟೈನರ ಸಿದ್ಧಾಂತದಂತೆ ಆ ಎತ್ತರದ ಗಡಿಯಾರಗಳು ನಮ್ಮ ಗಡಿಯಾರಗಳಿಗಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದ 38 ಭಾಗದಷ್ಟು ಮುಂದೆ ಓಡುತ್ತವೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ದೂರದ ಲೆಕ್ಕ ಹನ್ನೊಂದು ಕಿಲೋಮೀಟರಿನಷ್ಟು ಹಳಿ ತಪ್ಪುತ್ತದೆ.

ನೆಲದ ಮೇಲಿನ ನಮಗಾಗಿ ಕಟ್ಟಿದ ಈ ಸಂಕೇತಗಳನ್ನು ಕೆಳಗಿನ ಕಕ್ಷೆಯ ಉಪಗ್ರಹವೂ ಕೇಳಬಹುದಲ್ಲವೆ? ಹಾಗಾದಾಗ ಅದನ್ನು ನೋಡಲು ನೆಲದ ನೆಲೆಗಳು ಸರದಿ ಕಾಯಬೇಕಾಗಿಲ್ಲ; ಅದರ ನೆತ್ತಿಯ ಮೇಲೆ ಹಗಲಿರುಳೂ ಹಲವು ಗುರುತುಕಂಬಗಳು ಇದ್ದೇ ಇರುತ್ತವೆ. ಅಳತೆಯನ್ನು ಸೆಂಟಿಮೀಟರಿಗೆ ಇಳಿಸಲು ಇನ್ನೊಂದು ಉಪಾಯವಿದೆ. ಸಂಕೇತವನ್ನು ಹೊತ್ತು ತರುವ ಮುಖ್ಯ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅಲೆಯ ಯಾವ ಭಾಗ ಈಗ ತಲುಪಿತೆಂಬುದನ್ನು ಮಿಲಿಮೀಟರುಗಳ ಮಟ್ಟದಲ್ಲಿ ಹೇಳಬಹುದು. ಆದರೆ ನಡುವೆ ಎಷ್ಟು ಪೂರ್ಣ ಅಲೆಗಳು ಇವೆಯೆಂಬುದು ತಿಳಿಯದು. ಜವಳಿ ಅಂಗಡಿಯಲ್ಲಿ ಮೀಟರ್ ಕೋಲಿನಿಂದ ಥಾನನ್ನು ಅಳೆಯುವವನು ಕೊನೆಯ ತುಂಡನ್ನು ಕಚಿತವಾಗಿ ಅಳೆದು, ಎಷ್ಟು ಕೋಲಾಯಿತೆಂಬ ಎಣಿಕೆಯನ್ನು ಮರೆತಂತೆ! ಹಲವು ಉಪಗ್ರಹಗಳ ಅಳತೆಗಳನ್ನು ದೀರ್ಘಕಾಲ ಒಟ್ಟಿಗೆ ತಾಳೆ ನೋಡಿ ಆ ಎಣಿಕೆಯನ್ನು ಮರಳಿ ಪಡೆಯುತ್ತಾರೆ. ಎರಡು ಬೇರೆ ಬೇರೆ ಅಲೆಗಳನ್ನು ಹೋಲಿಸಿ, ಮೇಲಿನ ಅಯಾನುಮಂಡಲ ತಂದ ತಡವನ್ನು ಬಹುಪಾಲು ಕಳೆಯುತ್ತಾರೆ. ಜೊತೆಗೆ ಭೂಮಿ, ಚಂದ್ರ, ಸೂರ್ಯರ ಸೆಳೆತ, ಗಾಳಿಯ ತಡೆ, ಬಿಸಿಲಿನ ಒತ್ತಡ ಇವೆಲ್ಲವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಈ ಕ್ರಮದಿಂದ ಟೋಪೆಕ್ಸ್ ಉಪಗ್ರಹದ ಎತ್ತರ ಸುಮಾರು ಮೂರು ಸೆಂಟಿಮೀಟರಿನ ತಪ್ಪಿನೊಳಗೆ ದೊರೆಯಿತು. ಯೋಜನೆಯ ಗುರಿ 13 ಸೆಂಟಿಮೀಟರ್ ಆಗಿತ್ತು. ಪ್ರಯೋಗವೆಂದು ಇರಿಸಿದ ಗ್ರಾಹಕ ಮುಂದಿನ ಪೀಳಿಗೆಯ ಉಪಗ್ರಹಗಳಿಗೆ ಅನಿವಾರ್ಯ ಅಂಗವಾಯಿತು.

ಸರಿ, ಆದರೆ ಮೇಲಿರುವ ಜಿಪಿಎಸ್ ಉಪಗ್ರಹಗಳ ಕಕ್ಷೆಯನ್ನು ಹೇಳುವವರು ಯಾರು? ಅದಕ್ಕೆ ಮತ್ತೆ ನೆಲಕ್ಕೇ ಬರಬೇಕು. 1994ರ ಜನವರಿಯಿಂದ ಅಧಿಕೃತವಾಗಿ ನಡೆಯುತ್ತಿರುವ ಅಂತರರಾಷ್ಟ್ರೀಯ ಸೇವೆಯೊಂದು ಜಗತ್ತಿನಾದ್ಯಂತ ಹರಡಿದ ಸ್ಥಿರ ಗ್ರಾಹಕಗಳ ಅಳತೆಗಳನ್ನು ಒಟ್ಟುಗೂಡಿಸಿ, ಆ ಕಕ್ಷೆಗಳನ್ನೂ ಗಡಿಯಾರಗಳ ತಪ್ಪುಗಳನ್ನೂ ಎಲ್ಲರಿಗೂ ಉಚಿತವಾಗಿ ನೀಡುತ್ತದೆ. ಅಂತಹ ಗ್ರಾಹಕಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ನಮ್ಮ ಭೂಫಲಕ ಈಶಾನ್ಯದತ್ತ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಜರುಗುತ್ತಿರುವುದರಿಂದ ಆ ಗ್ರಾಹಕವೂ ಜರುಗುತ್ತಿದೆ. ಕಕ್ಷೆಯ ಲೆಕ್ಕದಲ್ಲಿ ಬೆಂಗಳೂರಿನ ಈ ಚಲನೆಯನ್ನೂ ಸೇರಿಸಬೇಕು. ಅಚಲವೆಂದು ನಾವು ನಂಬಿದ ನೆಲವೇ ಸರಿಯುತ್ತಿದೆ. ಸರಿಯುತ್ತಿದೆ ಎಂದು ತಿಳಿದದ್ದೂ ಈ ಅಳತೆಯಿಂದಲೇ.

ಹಳೆಯ ಕಲ್ಲು, ಹೊಸ ಕಣ್ಣು

1994ರಲ್ಲಿ ಬೆಂಗಳೂರಿನ ಸಿ-ಮ್ಯಾಕ್ಸ್ ಸಂಸ್ಥೆಯ ವಿಜ್ಞಾನಿಗಳು ವಿನೋದ್ ಗೌರ್, ರೋಜರ್ ಬಿಲ್‌ಹ್ಯಾಮ್ ಮೊದಲಾದವರೊಂದಿಗೆ ಸೇರಿ ಒಂದು ಅಪೂರ್ವ ಕೆಲಸಕ್ಕೆ ಕೈಹಾಕಿದರು. ದಕ್ಷಿಣದ ಪರ್ಯಾಯದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದ ಮಹಾ ಸರ್ವೇಕ್ಷಣೆ ನೆಟ್ಟುಹೋದ ಗುರುತುಗಳನ್ನು ಹುಡುಕಿ, ಅವುಗಳ ಮೇಲೆ ಜಿಪಿಎಸ್ ಗ್ರಾಹಕಗಳನ್ನಿರಿಸಿ ಮತ್ತೆ ಅಳೆದರು. 1864ರಿಂದ 1994ರವರೆಗಿನ 130 ವರ್ಷಗಳಲ್ಲಿ ಈ ನೆಲ ಹಿಗ್ಗಿದೆಯೇ, ಕುಗ್ಗಿದೆಯೇ ಎಂಬುದು ಪ್ರಶ್ನೆ. ಹತ್ತು ಲಕ್ಷದಲ್ಲಿ ಕೆಲವು ಭಾಗದ ಮಟ್ಟದಲ್ಲಿ ನೋಡಿದರೂ ಪರ್ಯಾಯದ್ವೀಪ ಬಹುಮಟ್ಟಿಗೆ ಸ್ಥಿರವಾಗಿಯೇ ಇದೆಯೆಂಬುದು ದೊರೆತ ಉತ್ತರ. ಜಿಪಿಎಸ್ ಉಪಗ್ರಹಗಳ ಕಕ್ಷೆ ನಿಖರವಾಗಿ ತಿಳಿಯದಿದ್ದರೆ ಈ ಹೋಲಿಕೆಯೇ ಸಾಧ್ಯವಾಗುತ್ತಿರಲಿಲ್ಲ. ಬಿಸಿಲಲ್ಲಿ ಬೆಟ್ಟ ಹತ್ತಿದ ಆ ಹೆಸರಿಲ್ಲದ ಜನರ ಕೆಲಸ ಎಷ್ಟು ಪ್ರಾಮಾಣಿಕವಾಗಿತ್ತೆಂಬುದಕ್ಕೆ ಆಕಾಶವೇ ಸಾಕ್ಷಿ ನುಡಿದಂತಾಯಿತು.

ಲ್ಯಾಂಬ್ಟನ್ನನ ಶಿಲ್ಕಿನ ಕಥೆಯೂ ಇಲ್ಲಿ ಮರಳಿ ಬರುತ್ತದೆ. ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೂ ಉಪಗ್ರಹ ನಾವು ಹೇಳಿದ ದಾರಿಯಿಂದ ಕೊಂಚ ಪಕ್ಕಕ್ಕೆ ಸರಿದರೆ, ಅದರ ಕೆಳಗಿನ ಭೂಮಿಯಲ್ಲಿ ನಮಗೆ ತಿಳಿಯದ ಏನೋ ಇದೆ ಎಂದರ್ಥ. ಉಪಗ್ರಹವೇ ಈಗ ತೂಗುಗುಂಡು. ಜಿಪಿಎಸ್ ಗ್ರಾಹಕವನ್ನು ಹೊತ್ತ 2000ದ ಚಾಂಪ್, ಜೋಡಿಯಾಗಿ ಹಾರಿದ 2002ರ ಗ್ರೇಸ್, ತೀರ ತಗ್ಗಿನಲ್ಲಿ ಸುತ್ತಿದ 2009ರ ಗೋಚೆ ಉಪಗ್ರಹಗಳು ಹೀಗೆ ಭೂಮಿಯ ಗುರುತ್ವದ ನಕ್ಷೆಯನ್ನು ಬರೆದವು. ಜಗತ್ತಿನಲ್ಲೇ ಅತ್ಯಂತ ಆಳವಾದ ಗುರುತ್ವದ ತಗ್ಗು ಇರುವುದು ಭಾರತದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರದ ಸರಾಸರಿ ಮೇಲ್ಮೈ, ಭೂಮಿಗೆ ನಾವು ಕಲ್ಪಿಸುವ ನುಣುಪಾದ ಆಕಾರಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಅದಕ್ಕೆ ಕಾರಣವೇನೆಂದು ವಿವರಿಸುವ ಅಧ್ಯಯನವೊಂದನ್ನು 2023ರಲ್ಲಿ ಪ್ರಕಟಿಸಿದವರೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೇ.

ನೀರಿಗೂ ತೂಕವಿದೆ, ತೂಕವಿರುವುದಕ್ಕೆ ಸೆಳೆತವಿದೆ. 2002ರಿಂದ 2008ರ ನಡುವೆ ರಾಜಸ್ಥಾನ, ಪಂಜಾಬ್ ಮತ್ತು ಹರಿಯಾಣಗಳಲ್ಲಿ 109 ಘನ ಕಿಲೋಮೀಟರ್ ಅಂತರ್ಜಲ ಬರಿದಾಯಿತೆಂದು ಗ್ರೇಸ್ ಜೋಡಿಯ ಅಳತೆಗಳಿಂದ ವಿಜ್ಞಾನಿಗಳು ಕಂಡುಕೊಂಡರು. ಎರಡು ಉಪಗ್ರಹಗಳ ನಡುವಿನ ಸುಮಾರು 220 ಕಿಲೋಮೀಟರ್ ಅಂತರದಲ್ಲಾದ ಕೂದಲೆಳೆಗಿಂತ ಸೂಕ್ಷ್ಮವಾದ ಏರುಪೇರು ಈ ಸುದ್ದಿಯನ್ನು ತಂದಿತು. ಆ ಅಂತರ ದೊಡ್ಡಗುಂಟಕ್ಕೂ ಪುಚ್ಚಪಾಳಯಕ್ಕೂ ಇರುವಷ್ಟೇ! ಕೊಳವೆಬಾವಿಯನ್ನು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಸುತ್ತಿರುವ ಕೊಂಗು ನಾಡಿನ ರೈತನಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದೇ ಗಡಿಯಾರ

ಅಳತೆಯ ಪುಸ್ತಕ ಯಾರ ಕೈಯಲ್ಲಿದೆ ಎಂಬ ಹಳೆಯ ಪ್ರಶ್ನೆ ಇನ್ನೂ ಉಳಿದಿದೆ. ಜಿಪಿಎಸ್ ಎಷ್ಟೇ ಉಪಕಾರಿಯಾದರೂ ಅದು ಬೇರೊಂದು ದೇಶದ ಸೇನೆಯದು. 2000ದ ಮೇ ತಿಂಗಳವರೆಗೆ ಅದರ ನಾಗರಿಕ ಸಂಕೇತವನ್ನು ಬೇಕೆಂದೇ ಮಸುಕಾಗಿ ಬಿತ್ತರಿಸುತ್ತಿದ್ದರು. ಭಾರತ ತನ್ನದೇ ಪಥದರ್ಶಕ ವ್ಯವಸ್ಥೆಯನ್ನು ಕಟ್ಟಲು ಹೊರಟಾಗ ಅದರ ಕೇಂದ್ರವಾದದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳು. ಅಲ್ಲಿಯ ಪಥದರ್ಶನ ಕೇಂದ್ರ 2013ರ ಮೇ 28ರಂದು ಉದ್ಘಾಟನೆಯಾಯಿತು. ಮೊದಲ ಉಪಗ್ರಹ ಅದೇ ವರ್ಷದ ಜುಲೈ 1ರಂದು ಹಾರಿತು. 2016ರ ಏಪ್ರಿಲ್ 28ರಂದು ಏಳನೆಯದು ಹಾರಿದಾಗ ವ್ಯವಸ್ಥೆಗೆ ನಾವಿಕ್ ಎಂಬ ಹೆಸರು ಬಂದಿತು.

ನಾವಿಕ್‌ನ ಕಕ್ಷಾ ನಿರ್ಣಯಕ್ಕೆ ಅದರದೇ ಆದ ತೊಡಕಿದೆ. ಅದರ ಮೂರು ಉಪಗ್ರಹಗಳು ನಮ್ಮ ಕಣ್ಣಿಗೆ ಆಕಾಶದಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತವೆ. ನಾಲ್ಕು ಉತ್ತರ ದಕ್ಷಿಣವಾಗಿ ಎಂಟರ ಆಕಾರದಲ್ಲಿ ತೂಗಾಡುತ್ತವೆ. ಬೇರೆ ಬೇರೆ ಕೋನಗಳಿಂದ ನೋಡಿದರೆ ತಾನೆ ತ್ರಿಕೋನ ಗಟ್ಟಿಯಾಗುವುದು? ನಿಂತ ಉಪಗ್ರಹವನ್ನು ಒಂದೇ ದೇಶದೊಳಗಿನ ನೆಲೆಗಳಿಂದ ನೋಡಿದಾಗ ಕೋನಗಳು ಕಿರಿದಾಗುತ್ತವೆ. ಆದ್ದರಿಂದ ಸಂಕೇತವನ್ನು ನೆಲದಿಂದ ಮೇಲಕ್ಕೂ ಮೇಲಿನಿಂದ ನೆಲಕ್ಕೂ ಕಳಿಸಿ ದೂರ ಅಳೆಯುವ ನೆಲೆಗಳನ್ನೂ, ಲೇಸರ್ ಅಳತೆಯನ್ನೂ ಜೊತೆಗಿಟ್ಟುಕೊಂಡರು.

ಸೋಲುಗಳೂ ಬಂದವು. ಹೊರದೇಶದಿಂದ ತಂದಿದ್ದ ರುಬಿಡಿಯಂ ಗಡಿಯಾರಗಳು ಮೊದಲ ಉಪಗ್ರಹದಲ್ಲಿ ಮೂರಕ್ಕೆ ಮೂರೂ ನಿಂತವು. ಅದರ ಬದಲಿಗೆ 2017ರ ಆಗಸ್ಟ್ 31ರಂದು ಹಾರಿಸಿದ ಉಪಗ್ರಹ, ರಾಕೆಟ್ಟಿನ ಉಷ್ಣಕವಚ ತೆರೆಯದೆ ವ್ಯರ್ಥವಾಯಿತು. 2018ರ ಏಪ್ರಿಲ್‌ನಲ್ಲಿ ಮತ್ತೊಂದನ್ನು ಕಳಿಸಬೇಕಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ನಮ್ಮ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವನ್ನು ಹೊತ್ತು ಹೋಯಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತನ್ನ ಕಕ್ಷೆಯನ್ನು ಏರಿಸಿಕೊಳ್ಳಲಾರದೆ ಹೋಯಿತು. ಇದು ಸಂಭ್ರಮದ ಪಟ್ಟಿಯಲ್ಲ. ಆದರೂ ಯಾವ ಕವಾಟ ತೆರೆಯಲಿಲ್ಲ, ಯಾವ ಗಡಿಯಾರ ನಿಂತಿತು ಎಂದು ಬರೆದಿಡುವವರೇ ಮುಂದಿನದನ್ನು ಸರಿಯಾಗಿ ಕಟ್ಟಬಲ್ಲರು.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನೈಸಾರ್ ಉಪಗ್ರಹ ಏರಿತು. ಭಾರತ ಮತ್ತು ಅಮೆರಿಕದ ಈ ಜಂಟಿ ಉಪಗ್ರಹದ ಭಾಗಗಳನ್ನು ಜೋಡಿಸಿದ್ದು ಬೆಂಗಳೂರಿನಲ್ಲಿ. 747 ಕಿಲೋಮೀಟರ್ ಎತ್ತರದಿಂದ ಅದು ಒಂದೇ ನೆಲವನ್ನು 12 ದಿನಗಳಿಗೊಮ್ಮೆ ರೇಡಾರ್ ಕಣ್ಣಿನಿಂದ ನೋಡುತ್ತದೆ. ಎರಡು ನೋಟಗಳ ನಡುವೆ ನೆಲ ಒಂದು ಸೆಂಟಿಮೀಟರ್ ಕುಸಿದಿದ್ದರೂ ಅದು ಹೇಳಬಲ್ಲುದು. ಆದರೆ ಎರಡು ಸಲವೂ ತಾನು ಎಲ್ಲಿದ್ದೆನೆಂದು ಅದಕ್ಕೆ ಖಚಿತವಾಗಿ ಗೊತ್ತಿರಬೇಕು. ಅದಕ್ಕಾಗಿ ಅದೂ ಒಂದು ಜಿಪಿಎಸ್ ಗ್ರಾಹಕವನ್ನು ಹೊತ್ತಿದೆ.

ಬೆಂಗಳೂರಿನ ಸೀಮೆಯನ್ನೂ ಕೊಯಮತ್ತೂರಿನ ಸೀಮೆಯನ್ನೂ ಭಾಷೆಗಳು ಬೇರೆಯಾಗಿ ಎಣಿಸುತ್ತವೆ. ರಾಜ್ಯಗಳ ಗಡಿ ಬೇರೆಯಾಗಿ ಎಣಿಸುತ್ತದೆ. ಮಗ್ಗದ ನೂಲನ್ನು ಹಿಡಿದು ತಲೆಮಾರುಗಳ ಹಿಂದೆಯೇ ಇಲ್ಲಿಗೆ ಬಂದು, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಾಳಿದ ದೇವಾಂಗ ಮನೆತನಗಳಂತಹವರಿಗೆ ಈ ಎರಡು ಸೀಮೆಗಳು ಎಂದೂ ದೂರವಾಗಿರಲಿಲ್ಲ. ಎರಡು ಶತಮಾನಗಳ ಹಿಂದಿನ ಸರಪಳಿಯೂ ಅವೆರಡನ್ನೂ ಒಂದೇ ಚಾಪದಲ್ಲಿ ಅಳೆಯಿತು. ಇಂದಿನ ಉಪಗ್ರಹ ಆ ಚಾಪವನ್ನು ಅರ್ಧ ನಿಮಿಷದಲ್ಲಿ ದಾಟುತ್ತದೆ. ಆದರೆ ಅದು ದಾಟಿದ ಹಾದಿಯನ್ನು ಬರೆದುಕೊಳ್ಳುವ ಕ್ರಮ ಬದಲಾಗಿಲ್ಲ: ತಿಳಿದದ್ದರಿಂದ ತಿಳಿಯದ್ದಕ್ಕೆ ಸಾಗುವುದು, ತಾಳೆ ನೋಡುವುದು, ತಾಳೆಯಾಗದೆ ಉಳಿದದ್ದನ್ನು ಮುಚ್ಚಿಡದಿರುವುದು. ವಿಮಾನದ ಸದ್ದಿಗೆ ತಲೆಯೆತ್ತಿ ದಾರಿಯನ್ನು ಕುರಿತು ಕೇಳುವ ಮಗುವಿಗೆ ಉತ್ತರ ಕೊಡುವಾಗ, ಈ ಶಿಲ್ಕಿನ ಮಾತನ್ನೂ ಒಂದಿಷ್ಟು ಸೇರಿಸಿ ಹೇಳೋಣ.